ನೆಂಟರು ಯಾರು, ನೆರೆಯವರು ಯಾರು: ಮಾತಿನ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಲಿ ಒಬ್ಬರು ಮರಾಠಿಗೂ ಕನ್ನಡಕ್ಕೂ ಏನು ಸಂಬಂಧ ಅಂತ ಕೇಳಿದ್ರು, ಜಾಗ ಇಲ್ಲ ಅಂತ ನಾನು ಮೂರೇ ಸಾಲಲ್ಲಿ ಮುಗಿಸಿಬಿಟ್ಟಿದ್ದೆ. ಮರಾಠಿ ಇಂಡೋ-ಯುರೋಪಿಯನ್ ಕುಟುಂಬದ್ದು (ಸಂಸ್ಕೃತ, ಗ್ರೀಕ್, ಲ್ಯಾಟಿನ್ ಎಲ್ಲ ಸೇರೋ ಕುಟುಂಬ), ಅದಕ್ಕೆ ಇಂಗ್ಲಿಷ್ ದೂರದ ನೆಂಟ, ಆದ್ರೆ ಒಂದೇ ಗೋಡೆ ಹಂಚಿಕೊಂಡು ಬದುಕ್ತಿರೋ ಕನ್ನಡ ಅದಕ್ಕೆ ನೆಂಟ ಅಲ್ಲ, ನೆರೆಮನೆಯವನು, ಇಷ್ಟೇ ಬರೆದಿದ್ದು. ಅದಕ್ಕೆ ಮುಂಬೈ, ಪುಣೆ, ಗೋವಾ ಮೂರೂ ಕಡೆಯಿಂದ ಪತ್ರ ಬಂದಿವೆ, ಕೆಲವರಿಗೆ ಸಿಟ್ಟೂ ಬಂದಿದೆ, ಮೂರು ಸಾಲಲ್ಲಿ ಹೇಳೋ ವಿಷಯ ಅದಲ್ಲ ಅನ್ನೋದು ನಿಜ. ಅದಕ್ಕೇ ಈ ಸಲ ಪೂರ್ತಿ ಅಂಕಣ ಇದೊಂದಕ್ಕೇ.

ಪ್ರಶ್ನೆ (ಘಾಟ್‌ಕೋಪರ್‌ನಿಂದ): ನಮ್ಮ ‘ಒಂದು’, ಇಂಗ್ಲಿಷಿನ ‘ವನ್’ ಎರಡೂ ಒಂದೇ ತರ ಕೇಳಿಸುತ್ತೆ. ‘ಎಂಟು’, ‘ಎಯ್ಟ್’ ಕೂಡ ಹಂಗೇ. ಹಿಂಗಿರುವಾಗ ಕನ್ನಡ ಇಂಗ್ಲಿಷಿಗೆ ನೆಂಟ ಅಲ್ಲ, ಮರಾಠಿ ನೆಂಟ ಅಂತ ಯಾವ ಆಧಾರದ ಮೇಲೆ ಹೇಳ್ತೀರಿ?

ಉತ್ತರ: ಒಳ್ಳೆ ಪ್ರಶ್ನೆ, ಇದನ್ನ ಕೇಳದೆ ಮುಂದೆ ಹೋಗೋಕೇ ಆಗಲ್ಲ. ಮೊದಲು ‘ವನ್’ ನೋಡೋಣ. ಅದರ ಮೊದಲಲ್ಲಿ ಇರೋ ‘ವ’ ಸದ್ದು ಆಮೇಲೆ ಸೇರಿಕೊಂಡಿದ್ದು, ಹಳೇ ಇಂಗ್ಲಿಷಲ್ಲಿ ಅದು ‘ಆನ್’ ಅಂತ ಇತ್ತು, ‘ಅಲೋನ್’, ‘ಓನ್ಲಿ’ ಅನ್ನೋ ಮಾತುಗಳಲ್ಲಿ ಇವತ್ತಿಗೂ ಆ ‘ವ’ ಇಲ್ಲ ನೋಡಿ. ಜರ್ಮನಲ್ಲಿ ‘ಐನ್ಸ್’, ಲ್ಯಾಟಿನಲ್ಲಿ ‘ಊನುಸ್’. ಇತ್ತ ನಮ್ಮ ‘ಒಂದು’ ಹಿಂದೆ ಹೋದ್ರೆ ‘ಒಬ್ಬ’, ‘ಒರ್ವ’, ತಮಿಳಿನ ‘ಒರು’, ಹಿಂಗೆ ಬೇರೆ ದಾರಿಗೇ ಹೋಗುತ್ತೆ. ಎಂಟೂ ಅದೇ ಕತೆ. ಇಂಗ್ಲಿಷಿನವರು ‘ಎಯ್ಟ್’ ಬರೆಯುವಾಗ ನಡುವೆ ಎರಡು ಅಕ್ಷರ ಸುಮ್ಮನೆ ಇಟ್ಟುಕೊಂಡಿದ್ದಾರಲ್ಲ, ಅದು ಒಂದು ಕಾಲದಲ್ಲಿ ಗಂಟಲಲ್ಲಿ ನುಡೀತಿದ್ದ ಸದ್ದಿನ ಗುರುತು, ಜರ್ಮನ್ ‘ಆಖ್ಟ್’, ಲ್ಯಾಟಿನ್ ‘ಒಕ್ಟೋ’ ಜೊತೆ ಇಟ್ಟರೆ ಗೊತ್ತಾಗುತ್ತೆ. ಹಿಂದೆ ಹೋದಷ್ಟೂ ‘ಎಂಟು’ ಮತ್ತು ‘ಎಯ್ಟ್’ ದೂರ ಆಗ್ತಾ ಹೋಗ್ತವೆ, ನಿಜವಾದ ನೆಂಟರಾದ್ರೆ ಹಿಂದೆ ಹೋದಂಗೆ ಹತ್ತಿರ ಆಗಬೇಕು. ಫಾರ್ಸಿಲಿ ‘ಬದ್’ ಅಂದ್ರೆ ಕೆಟ್ಟದ್ದು, ಇಂಗ್ಲಿಷಲ್ಲಿ ‘ಬ್ಯಾಡ್’ ಅಂದ್ರೂ ಕೆಟ್ಟದ್ದು, ಆ ಎರಡು ಭಾಷೆ ನೆಂಟರೇ, ಆದ್ರೂ ಆ ಎರಡು ಪದ ಮಾತ್ರ ಕಾಕತಾಳೀಯ.

ಅಂದ್ರೆ ಒಂದು ಪದ ಇನ್ನೊಂದು ಪದದ ತರ ಕೇಳಿಸಿದ್ರೆ ಏನೂ ಸಾಬೀತಾಗಲ್ಲ. ಮತ್ತೆ ಯಾವುದು ಸಾಬೀತು ಮಾಡುತ್ತೆ? ಸಾಲು. ಒಂದೇ ವ್ಯತ್ಯಾಸ ಪದ ಆದ್ಮೇಲೆ ಪದದಲ್ಲಿ, ಹೇಳಿಟ್ಟಂಗೆ, ಮತ್ತೆ ಮತ್ತೆ ಬರಬೇಕು. ಇದನ್ನ ತಿಳಿಯೋಕೆ ಯುರೋಪಿಗೆ ಹೋಗೋದು ಬೇಡ, ನಮ್ಮ ಬಾಯಲ್ಲೇ ಇದೆ. ನಾವು ಹಾಲು ಅಂತೀವಿ, ತಮಿಳರು ಪಾಲ್ ಅಂತಾರೆ. ನಮ್ಮ ಹಲ್ಲು ಅವರ ಪಲ್, ನಮ್ಮ ಹತ್ತು ಅವರ ಪತ್ತು, ನಮ್ಮ ಹುಲಿ ಅವರ ಪುಲಿ. ಮುಂಬೈನ ತುಳುವರನ್ನ ಕೇಳಿ, ಹುಲಿಗೆ ‘ಪಿಲಿ’, ಹತ್ತಕ್ಕೆ ‘ಪತ್ತ್’, ಹೂವಿಗೆ ‘ಪೂ’, ಹೆಸರಿಗೆ ‘ಪುದರ್’. ಹತ್ತನೇ ಶತಮಾನದ ಪಂಪನ ಕನ್ನಡದಲ್ಲೂ ಪುಲಿ, ಪೆಸರ್ ಅಂತಲೇ ಇದ್ದಿದ್ದು, ಆಮೇಲೆ ಕನ್ನಡ ಒಂದೇ ಪದದ ಮೊದಲ ‘ಪ’ನ ಮಾತ್ರ ಬದಲಾಯಿಸಿಕೊಳ್ಳಲಿಲ್ಲ, ಸಾಲುಸಾಲಾಗಿ ಎಲ್ಲ ಕನ್ನಡ ಪದದ ಮೊದಲ ‘ಪ’ನೂ ‘ಹ’ ಮಾಡಿಕೊಳ್ತು. ಇದಕ್ಕೇ ಧ್ವನಿನಿಯಮ ಅನ್ನೋದು. ಸಂಸ್ಕೃತದಿಂದ ಆ ಕಾಲಕ್ಕೆ ಮುಂಚೆನೇ ಬಂದು ನಮ್ಮವರ ಬಾಯಲ್ಲಿ ಪಳಗಿದ ಪದಗಳೂ ಅದರ ಜೊತೆ ಹೋದವು, ಪರ್ವ ಪಬ್ಬವಾಗಿ ಹಬ್ಬ ಆಯ್ತು, ಪುಸ್ತಕದಿಂದ ಆದ ಪೊತ್ತಗೆ ಹೊತ್ತಗೆ ಆಯ್ತು. ಓದುಬರಹದ ದಾರಿಲಿ ಬಂದ ‘ಪುಸ್ತಕ’ ಹಂಗೇ ಉಳೀತು. ಹಾಗಾಗಿ ಒಂದು ಪದ ನಮ್ಮಲ್ಲಿಗೆ ಯಾವ ದಾರಿಲಿ ಬಂತು ಅಂತ ತಿಳಿಯೋಕೂ ಈ ನಿಯಮ ಕೈಗೆ ಸಿಗೋ ಹಗ್ಗ.

ಈಗ ಯುರೋಪು. ಲ್ಯಾಟಿನ್ ‘ಪಾತೆರ್’ ಇಂಗ್ಲಿಷಲ್ಲಿ ‘ಫಾದರ್’, ಲ್ಯಾಟಿನಲ್ಲಿ ಕಾಲಿಗೆ ‘ಪೆದ್’ ಇಂಗ್ಲಿಷಲ್ಲಿ ‘ಫುಟ್’, ‘ಪಿಸ್ಕಿಸ್’ ಅನ್ನೋದು ‘ಫಿಶ್’. ಪ ಇದ್ದಲ್ಲೆಲ್ಲ ಫ. ‘ಕೊರ್ನು’ ಅನ್ನೋದು ‘ಹಾರ್ನ್’, ‘ಕೆಂತುಮ್’ ಅನ್ನೋದು ‘ಹಂಡ್ರೆಡ್’, ಕ ಇದ್ದಲ್ಲೆಲ್ಲ ಹ. ‘ದುಒ’ ಅನ್ನೋದು ‘ಟೂ’, ‘ದೆಕೆಮ್’ ಅನ್ನೋದು ‘ಟೆನ್’, ದ ಇದ್ದಲ್ಲೆಲ್ಲ ಟ. ಸಂಸ್ಕೃತದ ಪಿತೃ, ಪಾದ, ದ್ವ, ದಶ ಲ್ಯಾಟಿನ್ ಕಡೆ ನಿಲ್ಲುತ್ತವೆ. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿ ಇದನ್ನ ಬರೆದ, 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ನಿಯಮವಾಗಿ ಜೋಡಿಸಿಟ್ಟ. ಇಂಥ ಸಾಲು ಮರಾಠಿಗೂ ಇಂಗ್ಲಿಷಿಗೂ ಸಂಸ್ಕೃತದ ಮೂಲಕ ಸಿಗುತ್ತೆ, ಕನ್ನಡಕ್ಕೂ ಇಂಗ್ಲಿಷಿಗೂ ಸಿಗಲ್ಲ, ಎಷ್ಟು ಹುಡುಕಿದ್ರೂ ಒಂದೆರಡು ಬಿಡಿ ಪದ ಸಿಗಬಹುದು, ಸಾಲು ಸಿಗಲ್ಲ.

ಇಲ್ಲಿ ಒಂದು ಸ್ವಂತ ಮಾತು ಹೇಳಲೇಬೇಕು. ನಮ್ಮಪ್ಪ ಕೆ.ಆರ್.ಪೇಟೆ ಕಡೆಯಿಂದ ಬಂದು ಪರೇಲಲ್ಲಿ ಒಂದು ಮಿಲ್ಲಿನ ಕ್ಯಾಂಟೀನಲ್ಲಿ ದುಡಿದವರು, ಹಾಲಿಗೆ ‘ಆಲು’, ಹಣ್ಣಿಗೆ ‘ಅಣ್ಣು’, ಹಳ್ಳಿಗೆ ‘ಅಳ್ಳಿ’ ಅಂತಿದ್ರು. ಮುಂಬೈಲಿ ಆಲು ಅಂದ್ರೆ ಬಟಾಟೆ, ನಾನು ಶಾಲೆಲಿ ಅಪ್ಪನ ತರ ಮಾತಾಡಿದ್ದಕ್ಕೆ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ಹತ್ತು ಸಲ ‘ಹಾಲು’ ಅನ್ನಿಸಿದ್ರು, ಆ ಅವಮಾನ ಇವತ್ತಿಗೂ ಹೋಗಿಲ್ಲ. ಆಮೇಲೆ ಎಷ್ಟೋ ವರ್ಷಕ್ಕೆ ಓದುವಾಗ ಗೊತ್ತಾಯ್ತು, ಆರ್ಮೇನಿಯನ್ ಭಾಷೆಲಿ ಮೂಲದ ‘ಪ’ ನಮ್ಮಂಗೇ ‘ಹ’ ಆಗಿದೆ, ಅಪ್ಪನಿಗೆ ‘ಹಾಯ್ರ್’, ಐದಕ್ಕೆ ‘ಹಿಂಗ್’, ಕೆಲವು ಕಡೆ ಆ ‘ಹ’ನೂ ಬಿದ್ದುಹೋಗಿ ಪಾದಕ್ಕೆ ‘ಒಟ್ನ್’ ಅಂತ ಉಳಿದಿದೆ. ಹಳೇ ಐರಿಷಲ್ಲಂತೂ ‘ಪ’ ಪೂರ್ತಿ ಮಾಯ, ಅಪ್ಪನಿಗೆ ‘ಅಥಿರ್’, ಮೀನಿಗೆ ‘ಈಅಸ್ಕ್’. ಪಾಲು, ಹಾಲು, ಆಲು ಅನ್ನೋ ಮೂರು ಮೆಟ್ಟಿಲನ್ನ ಅವರೂ ಇಳಿದಿದ್ದಾರೆ. ನಮ್ಮಪ್ಪ ತಪ್ಪು ಮಾತಾಡ್ತಿರಲಿಲ್ಲ, ಕನ್ನಡ ಹೋಗ್ತಿದ್ದ ದಾರಿಲಿ ಒಂದು ಹೆಜ್ಜೆ ಮುಂದೆ ಇದ್ರು.

ಪ್ರಶ್ನೆ (ಪುಣೆಯ ಕೋಥ್ರೂಡ್‌ನಿಂದ, ಜರ್ಮನ್ ಕಲೀತಿರೋ ವಿದ್ಯಾರ್ಥಿನಿ): ಕ್ಲಾಸಲ್ಲಿ ಫಾಟರ್, ಮುಟ್ಟರ್, ಬ್ರೂಡರ್ ಕಲಿಸಿದಾಗ ನಮ್ಮಜ್ಜ, ನೋಡು ಪಿತೃ ಮಾತೃ ಭ್ರಾತೃ, ಎಲ್ಲ ಸಂಸ್ಕೃತದಿಂದಲೇ ಹೋಗಿದ್ದು ಅಂದ್ರು. ಸಂಸ್ಕೃತವೇ ಎಲ್ಲದರ ತಾಯಿನಾ?

ಉತ್ತರ: ಅಜ್ಜ ಗಮನಿಸಿದ್ದು ನಿಜ, ಅದರಿಂದ ತೆಗೆದ ತೀರ್ಮಾನ ಮಾತ್ರ ಸರಿಯಲ್ಲಮ್ಮಾ, ಯಾಕೆ ಅಂತ ಹೇಳ್ತೀನಿ. 1786ರ ಫೆಬ್ರವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಲಿ ವಿಲಿಯಂ ಜೋನ್ಸ್ ಭಾಷಣ ಮಾಡಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಬಹುಶಃ ಈಗ ಉಳಿದಿಲ್ಲದ ಯಾವುದೋ ಒಂದು ಮೂಲದಿಂದ ಹುಟ್ಟಿರಬೇಕು ಅಂದಿದ್ದ. ಅಂದ್ರೆ ಸಂಸ್ಕೃತ ತಾಯಿ ಅಲ್ಲ, ಅಕ್ಕ. ಆದ್ರೆ ಆ ದಿನ ಅದು ಊಹೆ ಅಷ್ಟೇ, ಸಾಕ್ಷಿ ಸಿಕ್ಕಿದ್ದು ಸುಮಾರು ತೊಂಬತ್ತು ವರ್ಷ ಆದ್ಮೇಲೆ.

ನಮ್ಮ ಕನ್ನಡ ವರ್ಣಮಾಲೆಲಿ ಎ, ಏ ಎರಡೂ ಇದೆ, ಒ, ಓ ಎರಡೂ ಇದೆ. ಸಂಸ್ಕೃತದಲ್ಲಿ ಗಿಡ್ಡ ಎ, ಒ ಇಲ್ಲ. ಗ್ರೀಕಿನವರು ‘ಎಸ್ತಿ’ ಅನ್ನೋದಕ್ಕೆ ಸಂಸ್ಕೃತದಲ್ಲಿ ‘ಅಸ್ತಿ’, ಅವರು ‘ಒಕ್ಟೋ’ ಅನ್ನೋದಕ್ಕೆ ‘ಅಷ್ಟ’. ಈಗ ಪ್ರಶ್ನೆ, ಮೊದಲು ಒಂದೇ ‘ಅ’ ಇದ್ದು ಗ್ರೀಕರು ಅದನ್ನ ಮೂರು ಮಾಡಿಕೊಂಡ್ರಾ, ಇಲ್ಲಾ ಮೊದಲು ಅ, ಎ, ಒ ಮೂರೂ ಇದ್ದು ಸಂಸ್ಕೃತ ಮೂರನ್ನೂ ಒಂದೇ ‘ಅ’ಕ್ಕೆ ಹಾಕಿಬಿಡ್ತಾ? ಇದಕ್ಕೆ ಉತ್ತರ ನಮ್ಮ ಕಿವಿಲಿದೆ, ಅಕ್ಷರಶಃ ಕಿವಿಲಿ. ಕನ್ನಡದಲ್ಲಿ ‘ಕಿವಿ’, ತಮಿಳು, ತೆಲುಗು, ಮಲಯಾಳಂ ಮೂರರಲ್ಲೂ ‘ಚೆವಿ’. ಕನ್ನಡದ ‘ಕೆರೆ’ ತೆಲುಗಲ್ಲಿ ‘ಚೆರುವು’, ನಮ್ಮ ‘ಗೆಯ್’ ತಮಿಳಲ್ಲಿ ‘ಚೆಯ್’. ಕ ಮುಂದೆ ಇ, ಎ ಬಂದ್ರೆ ಅವರಲ್ಲಿ ಅದು ಚ ಆಗುತ್ತೆ, ನಾಲಿಗೆ ಮುಂದಕ್ಕೆ ಜಾರೋದರಿಂದ, ಅ, ಒ, ಉ ಬಂದ್ರೆ ಹಂಗೇ ಇರುತ್ತೆ. ಈಗ ಸಂಸ್ಕೃತದ ‘ಚಕ್ರ’ ನೋಡು. ಗ್ರೀಕಲ್ಲಿ ಅದು ‘ಕುಕ್ಲೋಸ್’, ಅದರಿಂದಲೇ ನೀನು ದಿನಾ ಕ್ಲಾಸಿಗೆ ಹೋಗೋ ಸೈಕಲ್ಲಿನ ಹೆಸರು ಬಂದಿದ್ದು, ಇಂಗ್ಲಿಷಿನ ‘ವೀಲ್’ ಕೂಡ ಅದೇ ಪದ. ಮೂಲದಲ್ಲಿ ಎರಡೂ ಕಡೆ ಕ-ಜಾತಿಯ ಸದ್ದೇ ಇತ್ತು, ಸಂಸ್ಕೃತದಲ್ಲಿ ಮೊದಲನೇದು ಮಾತ್ರ ಚ ಆಗಿದೆ, ಎರಡನೇದು ಕ ಆಗೇ ಉಳಿದಿದೆ. ಯಾಕೆ? ಮೊದಲನೇದರ ಮುಂದೆ ಒಂದು ಕಾಲದಲ್ಲಿ ‘ಎ’ ಇತ್ತು. ಆ ‘ಎ’ ಕನ ಚ ಮಾಡಿ, ಆಮೇಲೆ ತಾನು ‘ಅ’ ಆಗಿ ಮರೆಯಾಯ್ತು. ‘ಚಕಾರ’ ಅನ್ನೋ ಕ್ರಿಯಾಪದದಲ್ಲೂ ಇದೇ ಕತೆ, ಅದು ಕೃ ಧಾತು, ಎರಡೂ ಕಡೆ ಕ ಬರಬೇಕಿತ್ತು. 1870ರ ದಶಕದಲ್ಲಿ ಒಬ್ಬರಲ್ಲ, ಹಲವರು ಹೆಚ್ಚುಕಡಿಮೆ ಒಟ್ಟಿಗೇ ಇದನ್ನ ಕಂಡುಕೊಂಡ್ರು. ‘ಎ’ ಹಳೇದು, ಸಂಸ್ಕೃತ ಅದನ್ನ ಕಳಕೊಂಡಿದೆ, ಗ್ರೀಕ್ ಉಳಿಸಿಕೊಂಡಿದೆ, ಮಗಳಲ್ಲಿ ಇರೋ ಹಳೇದು ತಾಯಿಲಿ ಇಲ್ಲ ಅಂದ್ರೆ ಅವಳು ತಾಯಿ ಹೆಂಗಾಗ್ತಾಳೆ.

ಹಂಗಂತ ಅಜ್ಜನ ಮನಸ್ಸು ನೋಯಿಸಬೇಡ, ಅವರಿಗೆ ಹೇಳೋಕೆ ಇದಕ್ಕಿಂತ ಚಂದದ ವಿಷಯ ಇದೆ. ನಿನ್ನ ಜರ್ಮನ್ ಪುಸ್ತಕದಲ್ಲಿ ಫಾಟರ್, ಮುಟ್ಟರ್‌ನಲ್ಲಿ ಟ ಇದೆ, ಬ್ರೂಡರ್‌ನಲ್ಲಿ ಡ ಇದೆ ಅಲ್ವಾ. ಮೂರಕ್ಕೂ ಮೂಲದಲ್ಲಿ ಒಂದೇ ‘ತ’. ಗ್ರಿಮ್ ನಿಯಮದ ಪ್ರಕಾರ ಮೂರೂ ಒಂದೇ ತರ ಬದಲಾಗಬೇಕಿತ್ತು, ಆಗಿಲ್ಲ, ಐವತ್ತು ವರ್ಷ ವಿದ್ವಾಂಸರು ಇದನ್ನ ಅಪವಾದ ಅಂತ ಬದಿಗಿಟ್ಟಿದ್ರು. 1875ರಲ್ಲಿ ಡೆನ್ಮಾರ್ಕಿನ ಕಾರ್ಲ್ ವೆರ್ನರ್‌ಗೆ ಉತ್ತರ ಸಿಕ್ಕಿದ್ದು ಎಲ್ಲಿ ಗೊತ್ತಾ, ವೇದದ ಸ್ವರದಲ್ಲಿ. ವೇದ ಹೇಳುವಾಗ ‘ಪಿತಾ’, ‘ಮಾತಾ’ ಎರಡರಲ್ಲೂ ಉದಾತ್ತ, ಅಂದ್ರೆ ದನಿ ಏರಿಸೋ ಸ್ವರ, ಕೊನೆಲಿ ಬರುತ್ತೆ, ‘ಭ್ರಾತಾ’ದಲ್ಲಿ ಮೊದಲಲ್ಲಿ. ತಕಾರದ ಹಿಂದಿನ ಅಕ್ಷರದ ಮೇಲೆ ಉದಾತ್ತ ಇದ್ರೆ ಜರ್ಮನ್ ಕಡೆ ಅದು ಒಂದು ದಾರಿ ಹಿಡೀತು, ಇಲ್ಲದಿದ್ರೆ ಇನ್ನೊಂದು. ಜರ್ಮನರು ಆ ಸ್ವರವನ್ನೇ ಮರೆತು ಎಷ್ಟೋ ಕಾಲ ಆಗಿತ್ತು, ಅದರ ಗುರುತು ಮಾತ್ರ ಅವರ ಟ, ಡದಲ್ಲಿ ಉಳಿದಿತ್ತು, ಅದನ್ನ ಓದೋ ಬೀಗದ ಕೈ ನಮ್ಮ ವೈದಿಕರ ಬಾಯಲ್ಲಿತ್ತು. ಒಂದಕ್ಷರ ಆಚೀಚೆ ಆಗದಂಗೆ ತಲೆಮಾರುಗಟ್ಟಲೆ ಕಾಪಾಡಿದ ಆ ಬಾಯಿಪಾಠ ಎಂಥ ದೊಡ್ಡ ಕೆಲಸ ಅಂತ ನನಗೆ ಪೂರ್ತಿ ಅರ್ಥ ಆಗಿದ್ದು ವೆರ್ನರ್ ಓದಿದಾಗಲೇ.

ಇನ್ನೊಂದು, ಪರೀಕ್ಷೆಗೆ ಉಪಯೋಗ ಆಗೋ ಸಂಗತಿ. ದಶ, ಇಂಗ್ಲಿಷ್ ಟೆನ್, ಜರ್ಮನ್ ತ್ಸೇನ್. ದ್ವ, ಟೂ, ತ್ಸ್ವೈ. ದಂತ, ಟೂತ್, ತ್ಸಾನ್. ದ ಮೊದಲು ಟ ಆಗಿ ಜರ್ಮನಲ್ಲಿ ಮತ್ತೊಮ್ಮೆ ತ್ಸ ಆಗಿದೆ. ಇದೊಂದು ಹಿಡಿದ್ರೆ ಎಷ್ಟೋ ಪದ ಬಾಯಿಪಾಠ ಮಾಡೋದೇ ಬೇಡ.

ಪ್ರಶ್ನೆ (ಡೊಂಬಿವಲಿಯಿಂದ): ನಮ್ಮತ್ತೆ ಮರಾಠಿಯವರು, ‘ತೂಪ್’ ನಮ್ಮ ಪದ, ನೀವು ತಗೊಂಡು ತುಪ್ಪ ಮಾಡಿಕೊಂಡ್ರಿ ಅಂತಾರೆ. ನಾನು ತುಪ್ಪ ನಮ್ಮದು ಅಂತೀನಿ. ಯಾರು ಸರಿ?

ಉತ್ತರ: ಅತ್ತೆಯವರಿಗೆ ಬೇಜಾರಾಗದಂಗೆ ಹೇಳಿ, ಪದ ಹೊರಟಿದ್ದು ನಮ್ಮ ಕಡೆಯಿಂದ ಅನ್ನೋದಕ್ಕೇ ಸಾಕ್ಷಿ ಜಾಸ್ತಿ. ಮರಾಠಿಯ ಒಡಹುಟ್ಟಿದ ಭಾಷೆಗಳಾದ ಹಿಂದಿ, ಗುಜರಾತಿಲಿ ‘ಘೀ’ ಅಂತಾರೆ, ಅದು ಸಂಸ್ಕೃತದ ಘೃತದಿಂದ ಬಂದಿದ್ದು. ಕನ್ನಡಕ್ಕೆ ತಾಗಿಕೊಂಡಿರೋ ಮರಾಠಿ, ಕೊಂಕಣಿ ಮಾತ್ರ ತೂಪ್ ಅಂತಾವೆ. ಆದ್ರೆ ಇದು ನಿನ್ನೆಮೊನ್ನೆ ತಗೊಂಡ ಸಾಲ ಅಲ್ಲ. ಮರಾಠಿಗೆ ಒಂದು ನಿಯಮ ಇದೆ, ಸಂಸ್ಕೃತಕ್ಕೂ ಮರಾಠಿಗೂ ನಡುವಿನ ಮೆಟ್ಟಿಲಾದ ಪ್ರಾಕೃತದ ಒತ್ತಕ್ಷರ ಬಿಡಿಯಾಗಿ ಅದರ ಹಿಂದಿನ ಸ್ವರ ಉದ್ದ ಆಗುತ್ತೆ. ಸಪ್ತ, ಸತ್ತ, ಸಾತ್. ಹಸ್ತ, ಹತ್ಥ, ಹಾತ್. ಕರ್ಣ, ಕಣ್ಣ, ಕಾನ್. (ಸಾಯನ್ ಕೋಳಿವಾಡದ ಪಂಜಾಬಿಗಳು ಇವತ್ತಿಗೂ ಸತ್ತ್, ಹತ್ಥ್, ಕನ್ನ್ ಅಂತಾರೆ, ಅವರು ಆ ಮೆಟ್ಟಿಲಲ್ಲೇ ನಿಂತಿದ್ದಾರೆ.) ತುಪ್ಪ ಹೋಗಿ ತೂಪ್ ಆಗಿದ್ದೂ ಅದೇ ನಿಯಮದಿಂದ, ಅಂದ್ರೆ ಆ ಬದಲಾವಣೆ ಆಗೋಕೆ ಮುಂಚೆನೇ ಪದ ಅವರ ಮನೆ ಸೇರಿತ್ತು. ಅಷ್ಟು ಕಾಲ ಮನೆಲಿ ಇದ್ದಿದ್ದನ್ನ ನಮ್ಮದು ಅನ್ನೋಕೆ ಅತ್ತೆಯವರಿಗೂ ಹಕ್ಕಿದೆ.

ಪದಕ್ಕಿಂತ ಆಳವಾಗಿ ಹೋದ ಸಂಬಂಧನೂ ಇದೆ. ಅತ್ತೆ ‘ಆಪಣ್ ಜಾಊ’ ಅಂದ್ರೆ ನೀವೂ ಸೇರಿ ಹೋಗೋಣ ಅಂತ, ‘ಆಮ್ಹೀ ಜಾತೋ’ ಅಂದ್ರೆ ನೀವು ಮನೆಲೇ. ಹಿಂದಿಯ ‘ಹಮ್’ಗೆ ಈ ಭೇದ ಇಲ್ಲ, ತಮಿಳು, ತೆಲುಗಿಗೆ ಇದೆ, ಮರಾಠಿಗೆ ಇದು ದ್ರಾವಿಡ ನೆರೆಯಿಂದ, ಅಂದ್ರೆ ಕನ್ನಡ, ತಮಿಳು, ತೆಲುಗು ಸೇರಿದ ಕುಟುಂಬದಿಂದ ಬಂತು ಅಂತ ಭಾಷಾವಿಜ್ಞಾನಿಗಳು ಹೇಳ್ತಾರೆ. ಸೋಜಿಗ ಅಂದ್ರೆ ಇವತ್ತಿನ ನಮ್ಮ ಕನ್ನಡ ಅದನ್ನ ಬಿಟ್ಟುಬಿಟ್ಟಿದೆ.

ನೆರೆತನ ಎಲ್ಲಿವರೆಗೂ ಹೋಗಬಹುದು ಅನ್ನೋದಕ್ಕೆ ಸಾಂಗ್ಲಿ ಜಿಲ್ಲೆಯ ಕುಪ್ವಾಡದ ಹೆಸರು ಪ್ರಪಂಚದ ಭಾಷಾವಿಜ್ಞಾನದ ಪುಸ್ತಕಗಳಲ್ಲೆಲ್ಲ ಇದೆ. ಜಾನ್ ಗಂಪರ್ಜ್ ಮತ್ತೆ ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅಲ್ಲಿನ ಜೈನರು, ಲಿಂಗಾಯತರು ಮನೆಲಿ ಕನ್ನಡ, ಮುಸಲ್ಮಾನರು ಉರ್ದು, ಮಿಕ್ಕವರು ಮರಾಠಿ, ಜೊತೆಗೆ ಸ್ವಲ್ಪ ತೆಲುಗು. ತಲೆತಲಾಂತರದಿಂದ ಬೀದಿಲಿ ಒಟ್ಟಿಗೆ ಬದುಕಿ ಈ ಮಾತುಗಳ ವಾಕ್ಯದ ಕಟ್ಟು ಎಷ್ಟು ಒಂದಾಗಿದೆ ಅಂದ್ರೆ ಒಂದರ ವಾಕ್ಯದಲ್ಲಿ ಪದಕ್ಕೆ ಪದ ತೆಗೆದು ಇನ್ನೊಂದರ ಪದ ಇಟ್ಟರೆ ಅದು ಆ ಭಾಷೆಯ ಸರಿಯಾದ ವಾಕ್ಯನೇ ಆಗುತ್ತೆ. ಪದಗಳು ಮಾತ್ರ ಬೇರೆಬೇರೆ ಉಳಿದಿವೆ, ಯಾಕಂದ್ರೆ ಮನೆ ಒಳಗೆ ಯಾರು ಯಾರು ಅನ್ನೋ ಗುರುತು ಅವರಿಗೆ ಬೇಕಿತ್ತು. ಮರಾಠಿಗೂ ಕನ್ನಡಕ್ಕೂ ಸಂಬಂಧ ಇಲ್ಲ ಅಂತ ನಾನು ಬರೆದೆ ಅಂತ ಸಿಟ್ಟು ಮಾಡಿಕೊಂಡವರಿಗೆ ಹೇಳೋದಿಷ್ಟೇ, ರಕ್ತಸಂಬಂಧ ಇಲ್ಲ ಅಂದೆ, ಬಾಳುವೆ ಸಂಬಂಧ ಇಲ್ಲ ಅನ್ನಲಿಲ್ಲ.

ಪ್ರಶ್ನೆ (ಗೋವಾದ ವಾಸ್ಕೋದಿಂದ): ಇಲ್ಲಿ ಚರ್ಚಿನ ಗುರುಗಳನ್ನ ಕೆಲವರು ಪಾದ್ರಿ ಅಂತಾರೆ, ಕೆಲವರು ಫಾದರ್ ಅಂತಾರೆ. ಎರಡಕ್ಕೂ ಸಂಬಂಧ ಇದೆಯಾ? ಆಮೇಲೆ ಪಾವ್‌ನ ಹಿಟ್ಟು ಕಾಲಲ್ಲಿ ತುಳಿದು ನಾದ್ತಿದ್ದರಿಂದ ಆ ಹೆಸರು ಬಂತಂತೆ, ನಿಜಾನಾ?

ಉತ್ತರ: ಪಾವ್ ಕತೆ ಸುಳ್ಳು. ರೊಟ್ಟಿಗೆ ಪೋರ್ಚುಗೀಸಲ್ಲಿ ‘ಪಾಂವ್’, ಅದು ಲ್ಯಾಟಿನ್ ‘ಪಾನಿಸ್’ನಿಂದ ಬಂದಿದ್ದು. ಪಾದದಿಂದ ಆದ ‘ಪಾವ್’ ಬೇರೆನೇ ಪದ, ಎರಡೂ ಒಂದೇ ತರ ಕೇಳಿಸಿದ್ದಕ್ಕೆ ಕತೆ ಹುಟ್ಟಿದೆ. ನಿಮ್ಮ ಮನೆಯ ಚಾವಿ ಪೋರ್ಚುಗೀಸ್ ‘ಶಾವೆ’, ಮೇಜು ‘ಮೇಜಾ’, ಇವೆಲ್ಲ ಹಡಗಲ್ಲಿ ಬಂದವು.

ಪಾದ್ರಿ, ಫಾದರ್ ಮಾತ್ರ ಒಂದೇ ಪದ. ಲ್ಯಾಟಿನ್ ‘ಪಾತೆರ್’ ಪೋರ್ಚುಗೀಸಿನ ಬಾಯಲ್ಲಿ ‘ಪಾದ್ರೆ’ ಆಗಿ ಗೋವಾಕ್ಕೆ ಬಂತು, ‘ಫಾದರ್’ ಮೇಲೆ ಹೇಳಿದ ಪ-ಫ ದಾರಿಲಿ ಇಂಗ್ಲಿಷಿನ ಜೊತೆ ಬಂತು, ಅವರಿಬ್ಬರೂ ಬರೋಕೆ ಮುಂಚೆನೇ ಇಲ್ಲಿ ಅದೇ ಪದ ‘ಪಿತೃ’ ಅಂತ ಶ್ರಾದ್ಧದ ಮಂತ್ರದಲ್ಲಿ ಇತ್ತು. ಸಾವಿರಾರು ವರ್ಷದ ಹಿಂದೆ ಮೂರು ದಾರಿ ಹಿಡಿದು ಹೋದ ಒಂದೇ ಪದ ವಾಸ್ಕೋದ ಒಂದೇ ಬೀದಿಲಿ ಮತ್ತೆ ಸೇರಿದೆ.

ಈ ಹೋಲಿಕೆಯನ್ನ ಮೊದಮೊದಲು ಕಂಡವರೂ ನಿಮ್ಮ ಕಡೆಗೆ ಬಂದು ಇದ್ದವರೇ. ಫ್ಲಾರೆನ್ಸಿನ ವ್ಯಾಪಾರಿ ಫಿಲಿಪ್ಪೋ ಸಸ್ಸೆಟ್ಟಿ 1580ರ ದಶಕದಲ್ಲಿ ಕೊಚ್ಚಿ, ಗೋವಾದಲ್ಲಿದ್ದ, 1588ರಲ್ಲಿ ಗೋವಾದಲ್ಲೇ ತೀರಿಕೊಂಡ. ಊರಿಗೆ ಬರೆದ ಪತ್ರದಲ್ಲಿ ಅವನು ದೇವ, ಸರ್ಪ ಮತ್ತೆ ಆರು, ಏಳು, ಎಂಟು, ಒಂಬತ್ತರ ಸಂಸ್ಕೃತ ಹೆಸರುಗಳು ತನ್ನ ಇಟಾಲಿಯನ್ ‘ದಿಯೋ’, ‘ಸೆರ್ಪೆ’, ‘ಸೆಯ್’, ‘ಸೆತ್ತೆ’, ‘ಒತ್ತೋ’, ‘ನೋವೆ’ ತರ ಇದಾವೆ ಅಂತ ತಿಳಿಸಿದ. ಇನ್ನೊಬ್ಬ ಥಾಮಸ್ ಸ್ಟೀಫನ್ಸ್ ಅಂತ ಇಂಗ್ಲಿಷ್ ಜೆಸ್ಯುಯಿಟ್ ಪಾದ್ರಿ, 1579ರಲ್ಲಿ ಗೋವಾಕ್ಕೆ ಬಂದು ಸುಮಾರು ನಲವತ್ತು ವರ್ಷ ಇಲ್ಲೇ ಬಾಳಿದವನು. ಅವನು 1583ರಲ್ಲಿ ಸೋದರನಿಗೆ ಬರೆದ ಪತ್ರದಲ್ಲಿ ಇಲ್ಲಿನ ಭಾಷೆಗಳ ಕಟ್ಟು ಗ್ರೀಕ್, ಲ್ಯಾಟಿನ್ ತರ ಇದೆ ಅಂದ. ಜೋನ್ಸ್‌ಗಿಂತ ಇನ್ನೂರು ವರ್ಷ ಮುಂಚೆ. ಪತ್ರಗಳು ಯಾರ ಕಣ್ಣಿಗೂ ಬೀಳದೆ ಉಳಿದವು, ಸ್ಟೀಫನ್ಸ್‌ನದು ಅಚ್ಚಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. ಅವನು ಬರೆದ ಕೊಂಕಣಿ ವ್ಯಾಕರಣ ಅವನು ತೀರಿಹೋದ ಮೇಲೆ 1640ರಲ್ಲಿ ಗೋವಾದ ರಾಚೋಲ್‌ನಲ್ಲಿ ಅಚ್ಚಾಯ್ತು, ಅದರ ಹೆಸರಲ್ಲಿ ಭಾಷೆಯನ್ನ ‘ಕಾನಾರಿಂ’ ಅಂತ ಕರೆದಿದ್ದಾರೆ. ಅದನ್ನ ನೋಡಿ ಕೆಲವು ಕನ್ನಡಿಗರು ಹಳೇ ಗೋವಾದಲ್ಲಿ ಕನ್ನಡನೇ ಇತ್ತು ಅನ್ನೋದಕ್ಕೆ ಪುರಾವೆ ಅಂತಾರೆ. ಪುಸ್ತಕದ ಒಳಗೆ ಇರೋ ಭಾಷೆ ಕೊಂಕಣಿ, ಹೆಸರು ಪೋರ್ಚುಗೀಸರು ಕೊಟ್ಟಿದ್ದು.

ಪ್ರಶ್ನೆ (ಗ್ರಾಂಟ್ ರೋಡ್‌ನಿಂದ): ನಮ್ಮ ಪಕ್ಕದ ಬಿಲ್ಡಿಂಗಿನ ಪಾರ್ಸಿ ಅಜ್ಜಿ ಪ್ರಾರ್ಥನೆ ಹೇಳುವಾಗ ನಡುನಡುವೆ ಸಂಸ್ಕೃತ ಕೇಳಿದಂಗಾಗುತ್ತೆ. ಭ್ರಮೆನಾ?

ಉತ್ತರ: ಭ್ರಮೆ ಅಲ್ಲ. ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾ, ಅದರ ಭಾಷೆ ವೇದದ ಸಂಸ್ಕೃತಕ್ಕೆ ಇರೋ ಎಲ್ಲ ನೆಂಟರಲ್ಲಿ ಅತಿ ಹತ್ತಿರದ್ದು. ಸಂಸ್ಕೃತದ ಸ ಎಷ್ಟೋ ಕಡೆ ಅಲ್ಲಿ ಹ, ಸೋಮ ಅಲ್ಲಿ ಹಓಮ, ಸಪ್ತ ಅಲ್ಲಿ ಹಪ್ತ, ಅಸುರ ಅಲ್ಲಿ ಅಹುರ, ಅವರಿಗೆ ಅಹುರ ದೇವರೇ. ಸಿಂಧು ಅವರ ಬಾಯಲ್ಲಿ ಹಿಂದು ಆಯ್ತು, ಆ ಹೆಸರು ಹೊರಗೆ ತಿರುಗಿ ನಮಗೇ ವಾಪಸ್ ಬಂತು. ಮೇಲೆ ಹೇಳಿದ ರಾಸ್ಕ್ 1820ರಲ್ಲಿ ಪರ್ಷಿಯಾ ದಾಟಿ ಮುಂಬೈಗೇ ಬಂದಿದ್ದ, ಪಾರ್ಸಿಗಳಿಂದ ಅವೆಸ್ತಾದ ಹಸ್ತಪ್ರತಿ ಸಂಪಾದಿಸಿ ಕೋಪನ್‌ಹೇಗನ್‌ಗೆ ತಗೊಂಡು ಹೋದ.

ಪ್ರಶ್ನೆ (ಚೆಂಬೂರ್‌ನಿಂದ, ಎಂಜಿನಿಯರ್): ಯಾರೂ ಬರೆದಿಡದ, ಯಾರೂ ಕೇಳದ ‘ಮೂಲ ಇಂಡೋ-ಯುರೋಪಿಯನ್’ ಪದಗಳನ್ನ ನಕ್ಷತ್ರದ ಗುರುತು ಹಾಕಿ ಬರೀತಾರೆ. ಇದನ್ನ ವಿಜ್ಞಾನ ಅನ್ನಬಹುದಾ? ಪರೀಕ್ಷೆ ಮಾಡೋದು ಹೆಂಗೆ?

ಉತ್ತರ: ನಕ್ಷತ್ರ ಹಾಕೋದೇ ‘ಇದು ಎಲ್ಲೂ ಬರೆದಿದ್ದು ಸಿಕ್ಕಿಲ್ಲ, ಲೆಕ್ಕ ಹಾಕಿ ಪಡೆದಿದ್ದು’ ಅಂತ ಹೇಳೋಕೆ. ಪರೀಕ್ಷೆ ಒಂದು ಸಲ ನಡೆದಿದೆ, ಅದನ್ನ ಹೇಳ್ತೀನಿ. ಸ್ವಿಟ್ಜರ್ಲೆಂಡಿನ ಭಾಷಾವಿಜ್ಞಾನಿ ಫೆರ್ಡಿನಾಂಡ್ ದ ಸೊಸ್ಯೂರ್ ಇಪ್ಪತ್ತೊಂದನೇ ವಯಸ್ಸಲ್ಲಿ ಬರೆದ ಪುಸ್ತಕ, 1879 ಅಂತ ಅದರ ಮೇಲಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಸ್ವರಗಳ ಗಿಡ್ಡ-ಉದ್ದದ ಲೆಕ್ಕ ಸರಿ ಹೋಗಬೇಕು ಅಂದ್ರೆ ಮೂಲದಲ್ಲಿ ಕೆಲವು ಸದ್ದು ಇದ್ದಿರಲೇಬೇಕು, ಈಗ ಗೊತ್ತಿರೋ ಯಾವ ಭಾಷೆಲೂ ಅವು ಉಳಿದಿಲ್ಲ, ಅಂತ ಅವನು ಬರೀ ಲೆಕ್ಕದಿಂದ ಹೇಳಿದ. ಹೆಚ್ಚಿನವರು ನಂಬಲಿಲ್ಲ. ಆಮೇಲೆ ಟರ್ಕಿಯ ಬೊಗಾಜ್‌ಕೋಯ್ ಅನ್ನೋ ಕಡೆ ನೆಲದಡಿ ಮಣ್ಣಿನ ಫಲಕಗಳು ಸಿಕ್ಕವು, ಅದರಲ್ಲಿದ್ದ ಹಿಟೈಟ್ ಅನ್ನೋ ಹಳೇ ಭಾಷೆ ಇಂಡೋ-ಯುರೋಪಿಯನ್ ಅಂತ 1915ರಲ್ಲಿ ಬೆಡ್ರಿಖ್ ಹ್ರೋಜ್ನಿ ತೋರಿಸಿಕೊಟ್ಟ, 1927ರಲ್ಲಿ ಪೋಲೆಂಡಿನ ಕುರಿಲೋವಿಚ್, ಸೊಸ್ಯೂರ್ ಇರಬೇಕು ಅಂದ ಜಾಗದಲ್ಲಿ ಹಿಟೈಟಲ್ಲಿ ‘ಹ’ ತರದ ಒಂದು ಸದ್ದು ಬರೆದಿರೋದನ್ನ ಗುರುತಿಸಿದ. ಲ್ಯಾಟಿನ್ ‘ಆಂತೆ’ ಅಂದ್ರೆ ಮುಂದೆ, ಸಂಸ್ಕೃತದ ‘ಅಂತಿ’ ಅಂದ್ರೆ ಹತ್ತಿರ, ಹಿಟೈಟಲ್ಲಿ ‘ಹಂತಿ’. ಸೊಸ್ಯೂರ್ 1913ರಲ್ಲೇ ತೀರಿಕೊಂಡಿದ್ದ, ಅವನಿಗೆ ಇದು ಗೊತ್ತಾಗಲೇ ಇಲ್ಲ. ನನಗೆ ಈ ಶಾಸ್ತ್ರದಲ್ಲಿ ಮನಸ್ಸು ತುಂಬಿ ಬರೋ ಜಾಗ ಇದು.

ಅದೇ ಫಲಕಗಳಲ್ಲಿ ಪಶ್ಚಿಮ ಏಷ್ಯಾದ ಮಿತನ್ನಿ ಅನ್ನೋ ಹಳೇ ರಾಜ್ಯದ ರಾಜನ ಒಪ್ಪಂದವೂ ಇದೆ, ಕ್ರಿಸ್ತಪೂರ್ವ 14ನೇ ಶತಮಾನದ್ದು, ಸಾಕ್ಷಿಗೆ ಕರೆದ ದೇವರ ಪಟ್ಟಿಲಿ ಮಿತ್ರ, ವರುಣ, ಇಂದ್ರ, ನಾಸತ್ಯರು ಇದ್ದಾರೆ. ಕುದುರೆ ಪಳಗಿಸೋದರ ಬಗ್ಗೆ ಒಂದು ಬರಹ ಇದೆ, ಅದರಲ್ಲಿ ಸುತ್ತು ಎಣಿಸೋಕೆ ಸಂಸ್ಕೃತದ ಏಕ, ತ್ರಿ, ಪಂಚ, ಸಪ್ತದ ತರ ಐಕ, ತೇರ, ಪಂಜ, ಸತ್ತ ಅಂತ ಬರುತ್ತೆ.

ಪ್ರಶ್ನೆ (ಪಿಂಪ್ರಿಯಿಂದ): ಹಂಗಾದ್ರೆ ಮರಾಠಿಯವರು ಆರ್ಯರು, ನಾವು ದ್ರಾವಿಡರು, ಜನಾಂಗನೇ ಬೇರೆ ಅಂತಾಯ್ತಲ್ಲ?

ಉತ್ತರ: ಇಲ್ಲ, ದಯವಿಟ್ಟು ಹಂಗೆ ಅರ್ಥ ಮಾಡಿಕೊಳ್ಳಬೇಡಿ. ಇವೆಲ್ಲ ಭಾಷೆಯ ಕುಟುಂಬಗಳ ಹೆಸರು. ಆರ್ಯ ಅನ್ನೋದನ್ನ ಜನಾಂಗದ ಅರ್ಥದಲ್ಲಿ ಬಳಸೋದು ತಪ್ಪು ಅಂತ 1888ರಲ್ಲೇ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮ್ಯುಲ್ಲರ್ ಖಡಾಖಂಡಿತವಾಗಿ ಬರೆದಿದ್ದ, ಅವನ ಮಾತು ಕೇಳದೆ ಯುರೋಪಲ್ಲಿ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಭಾಷೆ ರಕ್ತದಲ್ಲಿ ಬರಲ್ಲ. ನಿಮ್ಮ ಬಿಲ್ಡಿಂಗಲ್ಲೇ ನೋಡಿ, ಅಪ್ಪ ಅಮ್ಮ ಗದಗದಿಂದ, ಬಿಜಾಪುರದಿಂದ ಬಂದಿರ್ತಾರೆ, ಮಕ್ಕಳು ಕನಸು ಕಾಣೋದೂ ಮರಾಠಿಲೇ.

ಪ್ರಶ್ನೆ (ಪುಣೆಯ ಸ್ವಾರ್‌ಗೇಟ್‌ನಿಂದ): ಇದನ್ನ ಸರಿಯಾಗಿ ಕಲೀಬೇಕು ಅನ್ನಿಸಿದೆ. ಎಲ್ಲಿ ಹೋಗಲಿ?

ಉತ್ತರ: ನೀವಿರೋ ಊರಲ್ಲೇ. ಯೆರವಡಾ ಕಡೆ ಡೆಕ್ಕನ್ ಕಾಲೇಜಲ್ಲಿ ಭಾಷಾವಿಜ್ಞಾನ ವಿಭಾಗ ಇದೆ, ನಮ್ಮ ಡಿ. ಎನ್. ಶಂಕರ ಬಟ್ಟರು ಓದಿದ್ದೂ ಕೆಲಸ ಮಾಡಿದ್ದೂ ಅಲ್ಲಿ. 1948ರಲ್ಲಿ ಎಸ್. ಎಂ. ಕತ್ರೆಯವರು ಶುರು ಮಾಡಿದ ಸಂಸ್ಕೃತ ನಿಘಂಟಿನ ಕೆಲಸ ಅಲ್ಲಿ ಇವತ್ತಿಗೂ ನಡೀತಿದೆ, ಒಂದೊಂದು ಪದ ಯಾವ ಗ್ರಂಥದಲ್ಲಿ ಯಾವ ಅರ್ಥದಲ್ಲಿ ಬಂದಿದೆ ಅಂತ ಚೀಟಿ ಬರೆದು ಜೋಡಿಸಿದ್ದಾರೆ, ಅಂಥ ಚೀಟಿ ಸುಮಾರು ಒಂದು ಕೋಟಿ, ದಶಕಗಟ್ಟಲೆ ಕೆಲಸ ‘ಅ’ ಅಕ್ಷರದಲ್ಲೇ ನಡೆದಿದೆ. 1917ರಲ್ಲಿ ಶುರುವಾದ ಭಂಡಾರ್ಕರ್ ಸಂಸ್ಥೆಯೂ ನಿಮಗೆ ಹತ್ತಿರ. ಆ ಸಂಸ್ಥೆಗೆ ಯಾರ ಹೆಸರಿಟ್ಟಿದ್ದಾರೋ ಆ ಸಂಸ್ಕೃತ ವಿದ್ವಾಂಸ ಆರ್. ಜಿ. ಭಂಡಾರ್ಕರ್ 1877ರಲ್ಲಿ ಮುಂಬೈಲಿ ಕೊಟ್ಟ ಉಪನ್ಯಾಸಗಳಲ್ಲಿ ಸಂಸ್ಕೃತದಿಂದ ಪ್ರಾಕೃತ, ಪ್ರಾಕೃತದಿಂದ ಮರಾಠಿ, ಹಿಂದಿ ಹೆಂಗಾದವು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸಿದ್ದಾರೆ, ಮೊದಲು ಅದನ್ನ ಓದಿ. ಜೊತೆಗೆ ದ್ರಾವಿಡದ ಕಡೆಗೆ ಕಾಲ್ಡ್‌ವೆಲ್ 1856ರಲ್ಲಿ ಬರೆದ ವ್ಯಾಕರಣ ಮತ್ತೆ 1894ರ ಕಿಟೆಲ್ ನಿಘಂಟು ಪಕ್ಕದಲ್ಲಿ ಇಟ್ಟುಕೊಳ್ಳಿ.

ಓದೋದು ಶುರು ಮಾಡೋಕೆ ಮುಂಚೆ ನನಗೊಂದು ಉಪಕಾರ ಮಾಡಿ, ಇದು ಎಲ್ಲ ಓದುಗರಿಗೂ. ನಿಮ್ಮ ಮನೆ ಹಿರಿಯರು ಹಾಲು, ಹಣ್ಣು, ಹುಲಿ, ಹುಣಸೆಹಣ್ಣು ಈ ನಾಲ್ಕನ್ನ ಹೆಂಗೆ ಅಂತಾರೆ, ‘ಹ’ ನಿಲ್ಲುತ್ತಾ ಬೀಳುತ್ತಾ, ಯಾವ ತಾಲೂಕಿನವರು, ಇಷ್ಟನ್ನ ಒಂದು ಕಾರ್ಡಲ್ಲಿ ಬರೆದು ಕಳಿಸಿ. ಕೇಳಿದ್ದನ್ನ ತಿದ್ದಬೇಡಿ, ಅವರು ಅಂದಂಗೇ ಬರೀರಿ.